ಒಂದು ಬೀಗದ ಕೈ

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಹುಡುಗರನ್ನು ಕರೆದುಕೊಂಡು ಪ್ರವಾಸ ಹೋಗಿದ್ದೆ. ಬಸ್ಸು ಹೊರಡುವ ಮುನ್ನ ಪ್ರತಿಸಲವೂ ತಲೆ ಎಣಿಸುವುದು ನನ್ನ ಪದ್ಧತಿ. “ನಾವೇನು ಕುರಿಗಳೇ, ಸಾರ್?” ಎಂದು ಒಬ್ಬ ಜಾಣ ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಎಣಿಸುವುದನ್ನು ಬಿಡಲಿಲ್ಲ. ಒಂದು ಕಡೆ ಒಂದು ತಲೆ ಕಡಮೆ ಬಂತು. ಅರ್ಧ ಗಂಟೆ ಕಾದೆವು, ಗೊಣಗಾಟ ಹತ್ತಿತು. ಕೊನೆಗೆ ಹೊಳೆಯ ಮೆಟ್ಟಿಲ ಮೇಲೆ ಕಾಲು ಉಳುಕಿಸಿಕೊಂಡು ಕುಳಿತಿದ್ದ ಹುಡುಗನೊಬ್ಬ ಸಿಕ್ಕಿದ. ಮಾತು ಕಡಮೆಯ ಹುಡುಗ. ಅವನಿಲ್ಲವೆಂಬುದು ಎಣಿಕೆಗೆ ತಿಳಿಯಿತೇ ಹೊರತು ಗೆಳೆಯರಾರಿಗೂ ತಿಳಿದಿರಲಿಲ್ಲ.

ಈಚೆಗೆ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದ ವಿಚಾರ ಓದುತ್ತಿದ್ದಾಗ ಇದು ನೆನಪಾಯಿತು. ಹಲವು ದೇಶಗಳು ಕೂಡಿ ನಡೆಸುವ ಈ ಸಂಸ್ಥೆಯಲ್ಲಿ ನೆಲದಡಿ ಸುಮಾರು ನೂರು ಮೀಟರ್ ಆಳದಲ್ಲಿ, ೨೭ ಕಿಲೋಮೀಟರ್ ಸುತ್ತಳತೆಯ ಸುರಂಗವೊಂದಿದೆ. ಸೃಷ್ಟಿಯ ಒಳಗುಟ್ಟನ್ನು ಅರಸುವ ಮಹಾಯಂತ್ರ ಅದರೊಳಗೆ. ದುರಸ್ತಿಗೆಂದು ಒಳಹೋಗುವವರು ಬಾಗಿಲಲ್ಲಿ ಒಂದೊಂದು ಬೀಗದ ಕೈ ತೆಗೆದುಕೊಳ್ಳಬೇಕು. ಒಂದೇ ಒಂದು ಕೈ ತನ್ನ ಜಾಗಕ್ಕೆ ಹಿಂದಿರುಗದಿದ್ದರೂ ಯಂತ್ರದಲ್ಲಿ ಕಣಗಳು ಓಡುವಂತಿಲ್ಲ. ಕೈ ಹಿಡಿದವನು ಪ್ರಖ್ಯಾತ ಪಂಡಿತನೋ, ತಿರುಪು ಬಿಗಿಯುವ ಕೆಲಸಗಾರನೋ ಎಂದು ಯಂತ್ರ ಕೇಳುವುದಿಲ್ಲ.

ಒಬ್ಬನಿಗಾಗಿ ಸಾವಿರಾರು ಜನರ ಕೆಲಸ ನಿಲ್ಲಬೇಕೆ? ಜ್ಞಾನಕ್ಕಾಗಿ ಪ್ರಾಣವನ್ನೇ ತೆತ್ತವರಿಲ್ಲವೆ? ಇದ್ದಾರೆ. ಮೇರಿ ಕ್ಯೂರಿ ೧೯೩೪ರಲ್ಲಿ ತೀರಿಕೊಂಡರು. ಅವರ ಟಿಪ್ಪಣಿ ಪುಸ್ತಕಗಳಲ್ಲಿ ಇಂದಿಗೂ ವಿಕಿರಣ ಅಡಗಿದೆ. ಆ ತ್ಯಾಗಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ತ್ಯಾಗವೆಂಬುದು ತಾನೇ ಮಾಡುವುದು. ಇನ್ನೊಬ್ಬನ ಕೈಯಲ್ಲಿ ಮಾಡಿಸಿದರೆ ಅದರ ಹೆಸರು ಬೇರೆ.

ದೂರವೇಕೆ? ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ೧೯೬೫ರಲ್ಲಿ ಭಾರತ, ಬ್ರಿಟನ್, ಜಪಾನುಗಳ ವಿಜ್ಞಾನಿಗಳು ಕೂಡಿ ನ್ಯೂಟ್ರಿನೋ ಕಣಗಳ ಸುಳಿವು ಹಿಡಿದರು. ಹೆಮ್ಮೆಯ ಸಂಗತಿಯೇ. ಆದರೆ ಆ ಆಳವನ್ನು ತೋಡಿದವರು ಬಂಡೆ ಸಿಡಿಯುವ ಭಯದಲ್ಲಿ ಹೊಟ್ಟೆಪಾಡಿಗಾಗಿ ದುಡಿದ ಕೂಲಿಗಳು. ನ್ಯೂಟ್ರಿನೋ ಎಂಬ ಹೆಸರನ್ನೇ ಕೇಳದವರು. ದೊಡ್ಡ ಸಂಶೋಧನೆಗಳಲ್ಲಿ ಕೀರ್ತಿ ಕೆಲವರ ಪಾಲಾಗುತ್ತದೆ, ಅಪಾಯ ಎಲ್ಲರಿಗೂ ಹಂಚಿಹೋಗುತ್ತದೆ. ಆದ್ದರಿಂದಲೇ ರಕ್ಷಣೆಯಲ್ಲಿ ಮೇಲುಕೀಳು ಇರಕೂಡದು.

೨೦೦೮ರ ಸೆಪ್ಟೆಂಬರ್ ೧೯ರಂದು ಸರ್ನ್ ಸುರಂಗದಲ್ಲಿ ಎರಡು ಕಾಂತಗಳ ನಡುವಣ ವಿದ್ಯುತ್ ಬೆಸುಗೆಯೊಂದು ಕೈಕೊಟ್ಟಿತು. ಸುಮಾರು ಆರು ಟನ್ ಹೀಲಿಯಂ ಹೊರನುಗ್ಗಿತು. ಹತ್ತಾರು ಟನ್ ತೂಕದ ಕಾಂತಗಳು ಕದಲಿದವು. ಹೀಲಿಯಂ ವಿಷವಲ್ಲ, ಆದರೆ ಅದು ತುಂಬಿದೆಡೆ ಉಸಿರಿಗೆ ಗಾಳಿಯಿರುವುದಿಲ್ಲ. ಅಂದು ಒಬ್ಬರಿಗೂ ಗಾಯವಾಗಲಿಲ್ಲ. ಕಾರಣ ಇಷ್ಟೆ: ವಿದ್ಯುತ್ ಹರಿಸುವ ಹೊತ್ತಿನಲ್ಲಿ ಸುರಂಗದೊಳಗೆ ಯಾರೂ ಇರಬಾರದೆಂಬ ನಿಯಮ. ಯಂತ್ರ ಮತ್ತೆ ಓಡಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕಳೆದುಹೋದದ್ದು ಕಾಲ, ಹಣ. ಎರಡನ್ನೂ ಮತ್ತೆ ಹೊಂದಿಸಿಕೊಳ್ಳಬಹುದು.

ಅಂದು ಬದುಕುಳಿದವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಬರದ ಸಾವಿಗೆ ಹೆಸರಿರುವುದಿಲ್ಲ. ಅದನ್ನು ತಡೆದ ನಿಯಮಕ್ಕೆ ಹಾರ ಹಾಕುವವರೂ ಇಲ್ಲ. ನಿಯಮವೆಂದರೆ ಅಪನಂಬಿಕೆ ಎಂದು ಜಾಣರು ಮುನಿಯುತ್ತಾರೆ. ನನಗೇನೋ ಅದು ಮರ್ಯಾದೆಯೆಂದೇ ತೋರುತ್ತದೆ: ‘ನೀನು ಬರುವ ತನಕ ನಾವು ಹೊರಡುವುದಿಲ್ಲ’ ಎಂದು ಮನುಷ್ಯನಿಗೆ ಹೇಳುವ ರೀತಿ ಅದು.

ಸೃಷ್ಟಿಯ ರಹಸ್ಯ ಇಷ್ಟು ಕೋಟಿ ವರ್ಷ ಕಾದಿದೆ. ಒಬ್ಬನು ಮೆಟ್ಟಿಲೇರಿ ಬಂದು ತನ್ನ ಬೀಗದ ಕೈಯನ್ನು ಗೂಡಿಗೆ ಸೇರಿಸುವಷ್ಟು ಹೊತ್ತು ಇನ್ನೂ ಕಾದೀತು.