ಹಿಂದೆ ಬರುವವನ ಹಕ್ಕು

ಸ್ವಂತ ಕೈಯಿಂದ ಮಾಡಿಕೊಂಡ ವಸ್ತುವಿನ ಮೇಲೆ ಮನುಷ್ಯನಿಗೆ ಇರುವ ಅಭಿಮಾನ ಅಂಗಡಿಯಿಂದ ಕೊಂಡು ತಂದದ್ದರ ಮೇಲೆ ಇರುವುದಿಲ್ಲ. ಮನೆಯಲ್ಲಿ ಹಾಕಿದ ಉಪ್ಪಿನಕಾಯಿಯಿಂದ ಹಿಡಿದು ಹಿತ್ತಿಲಲ್ಲಿ ಕಟ್ಟಿದ ಕೋಳಿಗೂಡಿನವರೆಗೆ ಇದು ನಿಜ. ಇದು ಒಳ್ಳೆಯ ಗುಣವೇ. ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಕಂಡ ನಾಡಿನವರು ಕೈಕೆಲಸವನ್ನು ಹೀನವೆಂದು ಎಣಿಸುವಂತಿಲ್ಲ. ಆದರೆ ಮಾಡಿದ ವಸ್ತು ನಮ್ಮದು ಎಂದ ಮಾತ್ರಕ್ಕೆ ಅದರಿಂದ ಬರಬಹುದಾದ ಅಪಾಯವೂ ನಮ್ಮೊಬ್ಬರದೇ ಆಗುತ್ತದೆಯೆ? ಈ ಪ್ರಶ್ನೆಯನ್ನು ಒಂದು ಸಣ್ಣ ಕಬ್ಬಿಣದ ಸಾಮಾನನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ನಾಗಪುರದಿಂದ ಹೊರಟು ಕಾಮಠಿ ದಾಟಿ ನದಿಯ ಸೇತುವೆಯಾಚೆಗೆ ಹೋದರೆ ಸಿಗುವ ಊರು ಕನ್ಹಾನ್. ಸುತ್ತಲೂ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನವರ ಕಲ್ಲಿದ್ದಲು ಗಣಿಗಳು. ಮುಂದೆ ಮನ್ಸರ್, ರಾಮಟೇಕ್, ಪೇಂಚ್‌ನ ಕಾಡು. ಹಿಂದೆ 7ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಎಂದು ಕರೆಸಿಕೊಳ್ಳುತ್ತಿದ್ದ ರಸ್ತೆ ಇದೇ. ದಕ್ಷಿಣಕ್ಕೆ ತಿರುಗಿದರೆ ಹೈದರಾಬಾದಿನ ಮೇಲೆ ಬೆಂಗಳೂರನ್ನು ಮುಟ್ಟಿಸುತ್ತದೆ. ಇಂಥ ಕಡೆ ಜೀಪಿನಂಥ ಗಾಡಿಗೆ ಮರ್ಯಾದೆ ಹೆಚ್ಚು. ಆದರೆ ಅದನ್ನು ಇಟ್ಟುಕೊಂಡವರಿಗೆಲ್ಲ ಒಂದೇ ಕಷ್ಟ: ಜನ ಹತ್ತಿದರೆ ಸಾಮಾನಿಗೆ ಜಾಗವಿಲ್ಲ. ರಜೆಯಲ್ಲಿ ಊರಿಗೆ ಹೊರಟ ಸಂಸಾರದ ಗಂಟುಮೂಟೆಯ ವಿಷಯ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಬರುವಾಗ ಅಕ್ಕಿ, ಹಪ್ಪಳ, ತೆಂಗಿನಕಾಯಿ ಸೇರಿ ಅದು ಎರಡರಷ್ಟಾಗಿರುತ್ತದೆ.

ಇದಕ್ಕೆ ಕೈಚಳಕ ಬಲ್ಲವರು ಕಂಡುಕೊಂಡ ಉಪಾಯ ಹಿಂಬದಿಯ ಕ್ಯಾರಿಯರ್. ಗಾಡಿಯ ಚಾಸಿಗೆ ಬೋಲ್ಟು ಹಾಕಿ ಬಿಗಿದ ಎರಡು ಅಂಗುಲದ ಚೌಕ ಕೊಳವೆ. ಅದರೊಳಗೆ ತೂರುವ ಇನ್ನೊಂದು ಚೌಕ ಪೈಪು. ಅಡ್ಡಲಾಗಿ ಒಂದು ಪಿನ್ನು. ಪೈಪಿನ ತುದಿಗೆ ಆ್ಯಂಗಲ್ ಕಬ್ಬಿಣದ ಚೌಕಟ್ಟು, ತಳಕ್ಕೆ ಜಾಲರಿ. ವೆಲ್ಡಿಂಗ್ ಅಂಗಡಿಯಲ್ಲಿ ಒಂದೆರಡು ದಿನದ ಕೆಲಸ. ಕಪ್ಪು ಬಣ್ಣ ಹೊಡೆದು ನಿಲ್ಲಿಸಿದರೆ ಕಾರ್ಖಾನೆಯಿಂದಲೇ ಬಂದಂತೆ ಕಾಣುತ್ತದೆ. ಕಾಣುತ್ತದೆ ಎಂಬ ಮಾತಿನಲ್ಲೇ ತೊಡಕಿರುವುದು.

ಹೈಸ್ಕೂಲಿನಲ್ಲಿ ಓದಿದ ಸನ್ನೆಗೋಲಿನ ಲೆಕ್ಕವನ್ನು ಇಲ್ಲಿ ನೆನೆಯಬೇಕು. ಗಾಡಿಯ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 2.4 ಮೀಟರ್ ಎಂದಿಟ್ಟುಕೊಳ್ಳಿ. ಹಿಂದಿನ ಅಚ್ಚಿನಿಂದ 1.2 ಮೀಟರ್ ಆಚೆಗೆ 60 ಕಿಲೋ ಸಾಮಾನು ಹೇರಿದೆವು. ಹಿಂದಿನ ಅಚ್ಚಿನ ಮೇಲೆ ಬೀಳುವುದು 60 ಅಲ್ಲ, 90 ಕಿಲೋ. ಹೆಚ್ಚಿನ 30 ಕಿಲೋ ಎಲ್ಲಿಂದ ಬಂತು? ಮುಂದಿನ ಅಚ್ಚಿನಿಂದ. ಅಂದರೆ ಗಾಡಿಯನ್ನು ತಿರುಗಿಸುವ, ಬ್ರೇಕಿನ ಬಹುಪಾಲು ಕೆಲಸ ಮಾಡುವ ಮುಂದಿನ ಗಾಲಿಗಳು ಅಷ್ಟರ ಮಟ್ಟಿಗೆ ಹಗುರಾದವು. ಇದು ನಿಂತ ಗಾಡಿಯ ಲೆಕ್ಕ. ಗುಂಡಿಯಲ್ಲಿ ಗಾಡಿ ಧಡಕ್ಕನೆ ಇಳಿದು ಎದ್ದಾಗ ಕೊಳವೆಯ ಬಾಯಿಗೆ ಬೀಳುವ ಪೆಟ್ಟು ಇನ್ನೂ ಹೆಚ್ಚಿನದು. ಕಬ್ಬಿಣ ಒಂದೇ ಪೆಟ್ಟಿಗೆ ಮುರಿಯುವುದು ಕಡಮೆ. ಸಾವಿರಾರು ಸಲ ಬಗ್ಗಿ ಬಗ್ಗಿ ದಣಿಯುತ್ತದೆ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ ಬಣ್ಣದ ಕೆಳಗೆ ಅಡಗಿಕೊಂಡು ಬೆಳೆಯುತ್ತದೆ. ಕೊನೆಗೆ ಒಂದು ದಿನ ಬಿಟ್ಟುಕೊಡುತ್ತದೆ.

ಬಿಟ್ಟುಕೊಟ್ಟಾಗ ಪೆಟ್ಟು ಯಾರಿಗೆ? ಗಾಡಿಯಲ್ಲಿ ಕುಳಿತವರಿಗಲ್ಲ. ಅವರಿಗೆ ಹೋಗುವುದು ನಾಲ್ಕು ತೆಂಗಿನಕಾಯಿ, ಒಂದು ಟ್ರಂಕು. ಪೆಟ್ಟು ಬೀಳುವುದು ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಬರುವವನಿಗೆ. ಕಲ್ಲಿದ್ದಲಿನ ಲಾರಿಗಳ ನಡುವೆ ದಾರಿ ಮಾಡಿಕೊಂಡು ಪಾಳಿ ಮುಗಿಸಿ ಮನೆಗೆ ಹೋಗುತ್ತಿರುವ ಗಣಿಯ ಕೂಲಿಗೆ. ಕ್ಯಾರಿಯರ್ ಮುರಿಯಲೇಬೇಕೆಂದೂ ಇಲ್ಲ. ಹಿಂದಿನ ಕೆಂಪು ದೀಪವನ್ನು ಮೂಟೆ ಮರೆಮಾಡಿದರೂ ಸಾಕು. ಕ್ಯಾರಿಯರ್ ಮಾಡಿದವನ ಬೆನ್ನಿಗೆ ಕಣ್ಣಿಲ್ಲ. ಹಿಂದೆ ಬರುವವನಿಗೆ ಅದನ್ನು ಒಪ್ಪುವ, ಬೇಡವೆನ್ನುವ ಅವಕಾಶವನ್ನು ಯಾರೂ ಕೊಟ್ಟಿಲ್ಲ.

ಸುಮಾರು 3,700 ವರ್ಷಗಳ ಹಿಂದೆ ಬ್ಯಾಬಿಲೋನಿನ ಹಮ್ಮುರಾಬಿ ಕಲ್ಲಿನಲ್ಲಿ ಕೊರೆಸಿದ ಶಾಸನಗಳಲ್ಲಿ ಒಂದು ಕಟ್ಟಳೆಯಿದೆ: ಕಟ್ಟಿದ ಮನೆ ಭದ್ರವಿಲ್ಲದೆ ಕುಸಿದು ಮನೆಯ ಯಜಮಾನ ಸತ್ತರೆ, ಕಟ್ಟಿದವನಿಗೆ ಮರಣದಂಡನೆ. ಶಿಕ್ಷೆ ಕ್ರೂರವಾದರೂ ಹಿಂದಿರುವ ತತ್ತ್ವ ಸ್ಪಷ್ಟ: ಮಾಡಿದವನು ಹೊಣೆ. ಅಲ್ಲಿ ಕಟ್ಟಿದವನು ಒಬ್ಬ, ಯಜಮಾನ ಇನ್ನೊಬ್ಬ. ನಮ್ಮ ಕ್ಯಾರಿಯರಿನಲ್ಲಿ ಮಾಡಿದವನೂ ಯಜಮಾನನೂ ಒಬ್ಬನೇ. ಆದ್ದರಿಂದ “ನನ್ನ ಗಾಡಿ, ನನ್ನ ಇಷ್ಟ” ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ನೋವು ಮಾತ್ರ ಮೂರನೆಯವನದು.

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ನಮ್ಮಂಥವರು ಬರೆದ ಟಿಪ್ಪಣಿ ಮೇಲಿನವರ ಮೇಜನ್ನು ಹಾಯದೆ ಹೊರಗೆ ಹೋಗುವುದಿಲ್ಲ. ಇದನ್ನು ಕಂಡು ಜನ ನಗುತ್ತಾರೆ, ವಿಳಂಬವಾಗುತ್ತದೆಂಬುದೂ ಸುಳ್ಳಲ್ಲ. ಆದರೆ ಬರೆದವನ ಕಣ್ಣಿಗೆ ಬೀಳದ್ದು ಇನ್ನೊಬ್ಬನ ಕಣ್ಣಿಗೆ ಬೀಳಲಿ ಎಂಬುದೇ ಅದರ ಉದ್ದೇಶ. ಕಾರ್ಖಾನೆಯ ಗಾಡಿಗೂ ಅಂಥ ಪರೀಕ್ಷೆಗಳಿವೆ. ಮನೆಯಲ್ಲಿ ಮಾಡಿದ ಕ್ಯಾರಿಯರಿಗೆ ಇರುವ ಪರೀಕ್ಷಕ ಮಾಡಿದವನೊಬ್ಬನೇ, ಅವನಿಗೋ ಅದರ ಮೇಲೆ ಮೋಹ. ಕಾನೂನು ಇದನ್ನು ಕಡೆಗಣಿಸಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಆದ್ದರಿಂದ ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದೇ ಕ್ರಮ.

ಹಾಗಾದರೆ ಕೈಯಿಂದ ಏನನ್ನೂ ಮಾಡಿಕೊಳ್ಳಬಾರದೆ, ಬಡವನ ಅವಶ್ಯಕತೆಗೆಲ್ಲ ಕಾರ್ಖಾನೆಯವನು ಓಗೊಡುತ್ತಾನೆಯೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಹಿರಿಯರ ಎತ್ತಿನ ಗಾಡಿ ಕಾರ್ಖಾನೆಯಿಂದ ಬಂದದ್ದಲ್ಲ, ಊರಿನ ಬಡಗಿಯೂ ಕಮ್ಮಾರನೂ ಸೇರಿ ಮಾಡಿದ್ದು. ಆದರೆ ರಾತ್ರಿ ಹೊರಟರೆ ಗಾಡಿಯ ಕೆಳಗೆ ಕಂದೀಲು ತೂಗುತ್ತಿತ್ತು. ಬಿದಿರಿನ ಗಳು ಹಿಂದಕ್ಕೆ ಚಾಚಿದ್ದರೆ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಆ ಬಟ್ಟೆ ಗಾಡಿ ಹೊಡೆಯುವವನಿಗಾಗಿ ಅಲ್ಲ, ಅವನಿಗದು ಕಾಣುವುದೂ ಇಲ್ಲ. ಮುಖ ಕಾಣದ, ಹೆಸರು ತಿಳಿಯದ, ಹಿಂದೆಂದೋ ಬರುವ ಒಬ್ಬನಿಗಾಗಿ ಕಟ್ಟಿದ್ದು ಅದು. ಧರ್ಮ ಎಂಬ ದೊಡ್ಡ ಮಾತಿಗೆ ಇದಕ್ಕಿಂತ ಚಿಕ್ಕ ಉದಾಹರಣೆ ನಮಗೆ ಗೊತ್ತಿಲ್ಲ. ಬಟ್ಟೆ ಕಟ್ಟಿದ ಮೇಲೆ ಹೊಣೆ ತೀರಿತೆಂದು ತಿಳಿಯುವವರೂ ಇದ್ದಾರೆ. ಬೆಸುಗೆ ಸಡಿಲವಾಗಿದ್ದರೆ ಕೆಂಪು ಬಟ್ಟೆ ಯಾರನ್ನೂ ಕಾಯುವುದಿಲ್ಲ.

ಅನುಮತಿ ಪಡೆದು ಮಾಡುವವರು ಕೆಲವು ಮಾತುಗಳನ್ನು ಗಮನದಲ್ಲಿಡಬೇಕು. ಹೇರಬೇಕೆಂದಿರುವುದರ ಇಮ್ಮಡಿ ತೂಕಕ್ಕೆ ತಕ್ಕಂತೆ ಮಾಡಿ, ಆ ಇಮ್ಮಡಿಯನ್ನು ಮೊದಲು ನಿಂತ ಗಾಡಿಯ ಮೇಲೆ ಹೇರಿ ನೋಡಬೇಕು. ರಸ್ತೆಗೆ ತಂದಾಗ ಅರ್ಧವೇ ಸಾಕು. ಭಾರವಾದದ್ದು ಗಾಡಿಯ ಒಳಗಿರಲಿ, ಹಗುರಾದದ್ದು ಹೊರಗೆ. ಬೆಸುಗೆಯ ಕಡೆ ಆಗಾಗ ಬಣ್ಣ ಕೆರೆದು ನೋಡಬೇಕು. ದೀಪವೂ ನಂಬರು ಫಲಕವೂ ಮರೆಯಾಗಬಾರದು. ಕೊನೆಯದಾಗಿ, ಕತ್ತಲಾದ ಮೇಲೆ ಗಾಡಿಯಿಂದ ಮೂವತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಿಂತು, ಪರಕೀಯನಂತೆ ಅದನ್ನು ನೋಡಬೇಕು. ನಮ್ಮ ಮಗ ಸೈಕಲ್ಲಿನಲ್ಲಿ ಇದರ ಬೆನ್ನಿಗೇ ಬರುವುದಾದರೆ ನಾವು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತೇವೆಯೆ ಎಂದು ಕೇಳಿಕೊಳ್ಳಬೇಕು. ಉತ್ತರ ತಡವರಿಸಿದರೆ ಕ್ಯಾರಿಯರನ್ನು ಕಳಚಿಟ್ಟು ಟ್ರಂಕನ್ನು ರೈಲಿಗೆ ಹಾಕುವುದು ಲೇಸು.

ಪರಊರಿಗೆ ಬಂದು ನೆಲೆಸಿದ ನಮಗೆ ರಸ್ತೆಯಲ್ಲಿ ಸಿಗುವವರಲ್ಲಿ ಹೆಚ್ಚಿನವರು ಅಪರಿಚಿತರೇ. ಅಪರಿಚಿತರ ನಂಬಿಕೆಯ ಮೇಲೆಯೇ ನಾವು ಇಲ್ಲಿ ಬದುಕು ಕಟ್ಟಿಕೊಂಡಿದ್ದೇವೆ. ನಮ್ಮ ಮುಂದೆ ಹೋಗುವ ಗಾಡಿಯವನು ನಮ್ಮನ್ನು ನೆನೆದು ಗಂಟು ಬಿಗಿದಿರುತ್ತಾನೆಂದು ನಂಬಿ ನಾವು ದಿನವೂ ಮನೆಯಿಂದ ಹೊರಡುತ್ತೇವೆ. ನಮ್ಮ ಹಿಂದೆ ಬರುವವನೂ ನಮ್ಮ ಮೇಲೆ ಅದೇ ನಂಬಿಕೆಯನ್ನು ಇಟ್ಟಿದ್ದಾನೆ. ಅದು ಅವನ ಹಕ್ಕು.