ನಾಗಸಾಕಿಯಲ್ಲಿ ನೋಡಬೇಕಾದದ್ದು



ಜಪಾನಿನ ನಾಗಸಾಕಿಗೆ ಪ್ರವಾಸ ಹೋಗುವವರು ಗುಡ್ಡದ ಇಳಿಜಾರಿನ ಓವುರಾ ದೇವಾಲಯವನ್ನು ನೋಡಿ ಬರುತ್ತಾರೆ. 1864ರಲ್ಲಿ ಅದನ್ನು ಕಟ್ಟಿಸಿದವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು. ನಮ್ಮ ಶಿವಾಜಿನಗರದ ಮರಿಯಮ್ಮನವರ ಬೆಸಿಲಿಕಾ 1882ರಲ್ಲಿ ಎದ್ದು ನಿಂತದ್ದೂ ಅದೇ ಸಂಸ್ಥೆಯವರ ಶ್ರಮದಿಂದಲೇ.

ಆದರೆ ಅಲ್ಲಿ ನೋಡಬೇಕಾದದ್ದು ಕಟ್ಟಡವಷ್ಟೇ ಅಲ್ಲ. 1614ರಲ್ಲಿ ಜಪಾನಿನಲ್ಲೆಲ್ಲ ಕ್ರೈಸ್ತ ಧರ್ಮ ನಿಷೇಧವಾಯಿತು. ದೇವಾಲಯಗಳನ್ನು ಕೆಡವಿದರು, ಕಡೆಗೆ ಒಬ್ಬ ಗುರುವೂ ಉಳಿಯಲಿಲ್ಲ. ಇಷ್ಟಾಗಿಯೂ 1865ರ ಮಾರ್ಚ್ 17ರಂದು, ಹತ್ತಿರದ ಉರಕಾಮಿ ಹಳ್ಳಿಯ ಕೆಲವು ರೈತರು ಓವುರಾ ದೇವಾಲಯಕ್ಕೆ ಬಂದರು. ಅವರಲ್ಲೊಬ್ಬ ಹೆಂಗಸು ಪೆತಿಜಾನ್ ಸ್ವಾಮಿಗಳ ಬಳಿ ಬಂದು, ತಮ್ಮ ಮನಸ್ಸೂ ಅವರ ಮನಸ್ಸೂ ಒಂದೇ ಎಂದು ಮೆಲ್ಲಗೆ ಹೇಳಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು.

ಬಲಿಪೂಜೆಯಿಲ್ಲದೆ ಇನ್ನೂರಕ್ಕೂ ಹೆಚ್ಚು ವರ್ಷ ವಿಶ್ವಾಸವನ್ನು ಕಾಪಾಡಿದವರು ಯಾರು? ತಂದೆತಾಯಿಯರು, ಅಜ್ಜಅಜ್ಜಿಯರು. ಬಾಯಿಂದ ಬಾಯಿಗೆ ಪ್ರಾರ್ಥನೆ ಕಲಿಸಿದರು. ಊರಿನ ಹಿರಿಯರೇ ಕೂಸುಗಳಿಗೆ ಜ್ಞಾನಸ್ನಾನ ಕೊಟ್ಟರು. ಸಂತ ಪೌಲರೂ ತಿಮೊಥೇಯನ ವಿಶ್ವಾಸವನ್ನು ನೆನೆಯುವಾಗ ಮೊದಲು ಹೆಸರಿಸುವುದು ಅವನ ಅಜ್ಜಿಯನ್ನು, ತಾಯಿಯನ್ನು.

ಹಲಸೂರಿನಿಂದ ಕೆ.ಆರ್. ಪುರದವರೆಗೆ ನಮಗೆ ದೇವಾಲಯಗಳಿವೆ, ಗುರುಗಳಿದ್ದಾರೆ. ನಾಳೆ ಇವೆರಡೂ ಇಲ್ಲವಾದರೆ ನಮ್ಮ ಮನೆಯ ಮಗುವಿಗೆ ಪರಲೋಕ ಮಂತ್ರ ಕಲಿಸುವವರು ಯಾರು? ಎಲ್ಲವನ್ನೂ ಭಾನುವಾರದ ಜ್ಞಾನೋಪದೇಶಕ್ಕೇ ಬಿಟ್ಟ ಮನೆಗಳು ಎಷ್ಟಿಲ್ಲ!

ನಾಗಸಾಕಿ ಸುತ್ತಲಿನ ಗುಪ್ತ ಕ್ರೈಸ್ತರ ಹಳ್ಳಿಗಳು 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಹೋಗಬಲ್ಲವರು ಹೋಗಿ ನೋಡಿ ಬರಲಿ. ಹೋಗಲಾಗದವರು ಇಂದು ರಾತ್ರಿ ಊಟಕ್ಕೆ ಮೊದಲು, ಟಿ.ವಿ., ಮೊಬೈಲು ಬದಿಗಿಟ್ಟು, ಮಕ್ಕಳನ್ನು ಕೂರಿಸಿಕೊಂಡು ಜಪಸರ ಹಿಡಿಯಲಿ.