ಒಂದು ವೋಲ್ಟಿನ ಅಪ್ಪಣೆ

ಮನೆಯಲ್ಲಿ ಕಟ್ಟಿದ ಸಣ್ಣ ವಾಲ್ವ್ ಆಂಪ್ಲಿಫೈಯರಿಗೆ ಮೊಬೈಲಿನಿಂದ ಬರುವುದು ಹೆಚ್ಚೆಂದರೆ 1 ವೋಲ್ಟ್. ಅದು 10 ಲಕ್ಷ ಓಮಿನ ರೆಸಿಸ್ಟರಿನ ಮೇಲೆ ಬೀಳುತ್ತದೆ. ಲೆಕ್ಕ ಹಾಕಿದರೆ ಒಂದು ವ್ಯಾಟಿನ ಹತ್ತು ಲಕ್ಷದಲ್ಲೊಂದು ಪಾಲು. ಆಚೆ ತುದಿಯಲ್ಲಿ ಸ್ಪೀಕರಿಗೆ ಹೋಗುವುದು 4 ವ್ಯಾಟ್. ನಡುವೆ ಇರುವುದು ಒಂದೆರಡು ವಾಲ್ವ್, ಎರಡು ಟ್ರಾನ್ಸ್‌ಫಾರ್ಮರ್, ಒಂದು ಹಿಡಿಯಷ್ಟು ರೆಸಿಸ್ಟರ್ ಮತ್ತು ಕಂಡೆನ್ಸರ್. ಹಾಗಾದರೆ ನಲವತ್ತು ಲಕ್ಷ ಪಟ್ಟು ಬೆಳೆದದ್ದು ಏನು?

ಸಣ್ಣ ದನಿ ದೊಡ್ಡದಾಯಿತು ಎನ್ನುತ್ತೇವೆ. ಸಾಲ್ಡರಿಂಗ್ ಕಡ್ಡಿ ಹಿಡಿದು ಕೂತವರಿಗೆ ಆ ಉತ್ತರ ಬಹಳ ದಿನ ಸಾಲದು. ಮೊಬೈಲಿನಿಂದ ಬಂದ ಶಕ್ತಿ ಆ ಮೊದಲ ರೆಸಿಸ್ಟರಿನಲ್ಲೇ ಕಾವಾಗಿ ತೀರಿಹೋಗುತ್ತದೆ. ಅದರ ಒಂದು ಕಣವೂ ಸ್ಪೀಕರನ್ನು ಮುಟ್ಟುವುದಿಲ್ಲ. ಸ್ಪೀಕರಿನ ಕಾಗದವನ್ನು ಹಿಂದೆ ಮುಂದೆ ದೂಡುವುದೆಲ್ಲ ಶರಾವತಿಯಲ್ಲೋ ರಾಯಚೂರಿನಲ್ಲೋ ಹುಟ್ಟಿ ಗೋಡೆಯ ಸಾಕೆಟ್ಟಿಗೆ ಬಂದ ಕರೆಂಟು. ನಾವು ಕೇಳುವ ಹಾಡು, ಶಕ್ತಿಯ ಲೆಕ್ಕದಲ್ಲಿ, ತಿಂಗಳ ಬಿಲ್ಲಿನ ಬಾಬತ್ತು.

ಇಎಲ್84 ಎಂಬ ಹೆಬ್ಬೆರಳು ಗಾತ್ರದ ವಾಲ್ವನ್ನೇ ನೋಡಿ. ನಡುವಿನ ಕ್ಯಾಥೋಡ್ ಕೆಂಪಗೆ ಕಾದು ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಹೊರಗಿನ ಪ್ಲೇಟು 250 ವೋಲ್ಟಿನಲ್ಲಿ ಕೂತು ಅವನ್ನು ಸೆಳೆಯುತ್ತದೆ. ದಾರಿಯಲ್ಲಿ ಕೂದಲೆಳೆಯಂಥ ತಂತಿಯ ಸುರುಳಿ, ಗ್ರಿಡ್. ಹಾಡು ಬರುವುದು ಈ ಗ್ರಿಡ್ಡಿಗೆ. ಅದು ಎಲೆಕ್ಟ್ರಾನುಗಳನ್ನು ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲವೆಂದೇ ಹೇಳಬಹುದು. ತನ್ನ ವೋಲ್ಟೇಜನ್ನು ಏರಿಸಿ ಇಳಿಸಿ ಎಷ್ಟು ಹರಿಯಬೇಕೆಂದು ಹೇಳುತ್ತದೆ, ಅಷ್ಟೆ. ನಮ್ಮ ಕೆರೆಗಳ ನೀರುಗಂಟಿಯ ಕೆಲಸ ಇದು. ಕೆರೆ ಅವನದಲ್ಲ, ಗದ್ದೆ ಅವನದಲ್ಲ, ಒಂದು ಹನಿ ನೀರನ್ನೂ ಅವನು ತಂದು ಸೇರಿಸುವುದಿಲ್ಲ. ತೂಬು ಎಷ್ಟು ತೆರೆಯಬೇಕೆಂಬುದು ಮಾತ್ರ ಅವನದು. ಊರಿನ ಬೆಳೆ ಅದರ ಮೇಲೆ ನಿಂತಿರುತ್ತದೆ.

ಈ ಗ್ರಿಡ್ಡನ್ನು 1906ರಲ್ಲಿ ಮೊದಲು ಒಳಗಿಟ್ಟ ಅಮೆರಿಕದ ಲೀ ಡಿ ಫಾರೆಸ್ಟ್‌ಗೆ ತನ್ನ ಸಾಧನ ಹೇಗೆ ಕೆಲಸ ಮಾಡುತ್ತದೆಂದು ಸರಿಯಾಗಿ ಗೊತ್ತಿರಲಿಲ್ಲ. ಗಾಜಿನೊಳಗೆ ಒಂದಿಷ್ಟು ಅನಿಲ ಇರಬೇಕೆಂದೇ ಅವನು ನಂಬಿದ್ದ. ಇರ್ವಿಂಗ್ ಲ್ಯಾಂಗ್‌ಮುಯರ್, ಹೆರಾಲ್ಡ್ ಆರ್ನಾಲ್ಡ್ ಬೇರೆಬೇರೆಯಾಗಿ ಕೆಲಸ ಮಾಡಿ, ಒಳಗಿನದನ್ನು ಪೂರ್ತಿ ಬರಿದು ಮಾಡಿದರೇ ಅದು ನಂಬಿಕೆಗೆ ಯೋಗ್ಯವಾಗುತ್ತದೆಂದು ತೋರಿಸಿದರು. 1915ರಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ದೂರವಾಣಿಯಲ್ಲಿ ಮಾತು ಹರಿದದ್ದು ಇಂಥ ವಾಲ್ವುಗಳ ಬಲದಿಂದ. ಬರಿದು ಎಂಬ ಮಾತು ಬಂದಾಗ ಕನ್ನಡದವರಿಗೆ ವಚನಕಾರ ಅಲ್ಲಮನ ಬಯಲಿನ, ಅಂದರೆ ಶೂನ್ಯದ, ಕಡೆ ಓಡುವ ಆಸೆಯಾಗುತ್ತದೆ. ನಾನು ಓಡುವುದಿಲ್ಲ. ಗಾಜಿನೊಳಗಿನ ಶೂನ್ಯ ಪಂಪು ಎಳೆದು ಮಾಡಿದ್ದು. ಉಳಿದ ಅನಿಲವನ್ನು ಹೀರಿಕೊಳ್ಳಲು ಒಳಗೋಡೆಗೆ ಬೇರಿಯಂ ಬಳಿದಿರುತ್ತಾರೆ. ವಾಲ್ವಿನ ನೆತ್ತಿಯಲ್ಲಿ ಹೊಳೆಯುವ ಬೆಳ್ಳಿಬಣ್ಣ ಅದೇ. ಗಾಜು ಬಿರುಕು ಬಿಟ್ಟು ಗಾಳಿ ಹೊಕ್ಕರೆ ಅದು ಬೆಳ್ಳಗಾಗುತ್ತದೆ, ವಾಲ್ವಿನ ಕತೆ ಮುಗಿಯುತ್ತದೆ. ಬೇರಿಯಂ ಕಾಯಬೇಕಾದ ಶೂನ್ಯ ಇದು.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಒಂದೇ ಇಎಲ್84 ಇಟ್ಟು ಕಟ್ಟುವ ಆಂಪ್ಲಿಫೈಯರು ‘ಕ್ಲಾಸ್ ಎ’ ಬಗೆಯದು. ಹಾಡು ನಡೆಯುತ್ತಿರಲಿ ನಿಂತಿರಲಿ, ಪ್ಲೇಟಿನಲ್ಲಿ ಸುಮಾರು 48 ಮಿಲಿಆಂಪಿಯರ್ ಹರಿಯುತ್ತಲೇ ಇರುತ್ತದೆ: 250 ವೋಲ್ಟಿಗೆ ಗುಣಿಸಿದರೆ 12 ವ್ಯಾಟ್. ಹೀಟರಿಗೆ ಇನ್ನೂ 5 ವ್ಯಾಟ್. ಹಾಡು ಜೋರಾದರೆ ವಾಲ್ವು ಹೆಚ್ಚು ಕಾಯುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನಡೆಯುವುದು ತಿರುಗುಮುರುಗು. ಹಾಡುವಾಗ ಆ 12 ವ್ಯಾಟಿನಲ್ಲಿ ಒಂದು ಪಾಲು ಸ್ಪೀಕರಿಗೆ ಹೋಗುವುದರಿಂದ ಪ್ಲೇಟು ತುಸು ತಣ್ಣಗಾಗುತ್ತದೆ. ಅದು ಅತಿ ಹೆಚ್ಚು ಕಾಯುವುದು ಮೌನದಲ್ಲಿ. ಸಂಗೀತ ಇಲ್ಲಿ ಹೊಸದಾಗಿ ಶುರುವಾಗುವ ಕ್ರಿಯೆಯಲ್ಲ, ಆಗಲೇ ಹರಿಯುತ್ತಿರುವುದರಲ್ಲಿ ಏಳುವ ಏರಿಳಿತ. ಕೆಲಸವಿದ್ದಾಗ ಮಾತ್ರ ಎಚ್ಚರಾಗುವ ಇಂದಿನ ಯಂತ್ರಗಳ ಮುಂದೆ ಇದು ಶುದ್ಧ ದುಂದು. ಆದರೂ ಸಿದ್ಧವಾಗಿರುವುದಕ್ಕೂ ಖರ್ಚಿದೆ ಎಂಬುದನ್ನು ಇದರಷ್ಟು ನೇರವಾಗಿ ತೋರಿಸಿದ ಇನ್ನೊಂದು ಯಂತ್ರ ನನಗೆ ಸಿಕ್ಕಿಲ್ಲ.

ಸ್ಪೀಕರಿನಲ್ಲಿ ಕೇಳುವುದು ಗೋಡೆಯ ಕರೆಂಟೇ ಆದ್ದರಿಂದ, ಕಟ್ಟಿ ಸ್ವಿಚ್ ಒತ್ತಿದಾಗ ಮೊದಲು ಮಾತಾಡುವುದೂ ಅದೇ. 50 ಮತ್ತು 100 ಹರ್ಟ್ಸಿನ ಗುಂಯ್ ಎಂಬ ಹಮ್. ಹೀಟರಿನ ತಂತಿಗಳನ್ನು ಒಂದಕ್ಕೊಂದು ಹೊಸೆದು ಚಾಸಿಯ ಮೂಲೆಗೆ ಒತ್ತಬೇಕು, ಅರ್ತಿನ ತಂತಿಗಳನ್ನೆಲ್ಲ ಒಂದೇ ಬಿಂದುವಿಗೆ ತರಬೇಕು, ಎರಡು ಟ್ರಾನ್ಸ್‌ಫಾರ್ಮರುಗಳ ಕೋರುಗಳನ್ನು ಅಡ್ಡಡ್ಡ ತಿರುಗಿಸಿ ಕೂರಿಸಬೇಕು, ಫಿಲ್ಟರ್ ಕಂಡೆನ್ಸರ್ ಸಾಲದಿದ್ದರೆ ಹೆಚ್ಚಿಸಬೇಕು. ಹವ್ಯಾಸದ ಬಹುಪಾಲು ಹೊತ್ತು ಹೋಗುವುದು ಹೀಗೆ ಸುಮ್ಮನಾಗಿಸುವುದರಲ್ಲಿ. ಹಾಡಿಸುವುದು ಸುಲಭ.

ಇನ್ನು ಆ ಪ್ರಸಿದ್ಧ ‘ಬೆಚ್ಚನೆಯ ದನಿ’. ಇಎಲ್84ರ ಕೈಪಿಡಿಯೇ 5.7 ವ್ಯಾಟ್ ಎಂದು ಬರೆದು ಪಕ್ಕದಲ್ಲಿ ಶೇ. 10ರಷ್ಟು ವಿಕೃತಿ ಎಂದೂ ಪ್ರಾಮಾಣಿಕವಾಗಿ ಬರೆಯುತ್ತದೆ. ಆ ವಿಕೃತಿಯಲ್ಲಿ ಒಂದು ಪಾಲು ಮೂಲ ಸ್ವರದ ಎರಡರಷ್ಟು ಕಂಪನದ್ದು, ಅಂದರೆ ಷಡ್ಜದ ಜೊತೆಗೆ ತಾರಷಡ್ಜದ ನೆರಳು. ಕಿವಿಗೆ ಅದು ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲೆಳೆ ಸೇರಿಸಿ ಉಪಸ್ವರಗಳನ್ನು ಬೇಕೆಂದೇ ಎಬ್ಬಿಸುವವರು ನಾವು. ಆದರೆ ತಂಬೂರಿ ಹಾಡುವ ವಾದ್ಯ, ಆಂಪ್ಲಿಫೈಯರು ಇನ್ನೊಬ್ಬರ ಹಾಡನ್ನು ದಾಟಿಸುವ ಸಾಧನ. 1947ರಲ್ಲೇ ಡಿ.ಟಿ.ಎನ್. ವಿಲಿಯಮ್‌ಸನ್ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ, ಮನೆಯಲ್ಲಿ ಕಟ್ಟುವವರೂ ಮಾಡಬಹುದಾದ, 15 ವ್ಯಾಟಿನಲ್ಲಿ ಶೇ. 0.1ರಷ್ಟೂ ವಿಕೃತಿಯಿಲ್ಲದ ವಾಲ್ವ್ ಆಂಪ್ಲಿಫೈಯರಿನ ನಕ್ಷೆ ಕೊಟ್ಟಿದ್ದರು. ಬೆಚ್ಚಗಿರುವುದು ವಾಲ್ವಿನ ಹಣೆಬರಹವಲ್ಲ, ಕಟ್ಟುವವರ ಆಯ್ಕೆ. ಚಿನ್ನದ ಲೇಪದ ಬೇಸು, ಸಾವಿರಾರು ರೂಪಾಯಿಯ ತಂತಿ ಇವುಗಳಲ್ಲಿ ದನಿಯ ಆತ್ಮ ಹುಡುಕುವವರ ಜೊತೆ ನನಗೆ ವಾದವೂ ಬೇಡ. ಒಳ್ಳೆಯ ದನಿಯಷ್ಟೇ ಬೇಕಿದ್ದರೆ ಇವತ್ತಿನ ಅಗ್ಗದ ಐಸಿ ಬೋರ್ಡು ಸಾಕು.

ಹಾಗಿದ್ದರೂ ಕಟ್ಟುವುದು ಯಾಕೆ? ಮನೆಯ ಯಂತ್ರಗಳಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಪೂರ್ತಿ ಹೇಳಬಹುದಾದದ್ದು ಬಹುಶಃ ಇದೊಂದೇ. ಮೊಬೈಲಿನ ಒಂದು ಚಿಪ್ಪಿನೊಳಗೆ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿವೆ. ಅದನ್ನು ವಿನ್ಯಾಸ ಮಾಡಿದವರಲ್ಲೂ ಯಾರೊಬ್ಬರಿಗೂ ಅಷ್ಟೂ ಗೊತ್ತಿರುವುದು ಸಾಧ್ಯವಿಲ್ಲ. ಇಲ್ಲಿ ಪಿನ್ 7ರಲ್ಲಿ 250 ವೋಲ್ಟ್, ಪಿನ್ 3ರಲ್ಲಿ 7 ವೋಲ್ಟ್, ಯಾಕೆ ಅಷ್ಟೇ ಎಂಬುದಕ್ಕೆ ಕಾರಣ ಓಮನ ನಿಯಮದಲ್ಲಿದೆ. ತಲೆಯೊಳಗೆ ಇಡಿಯಾಗಿ ಹಿಡಿಸುವ ಯಂತ್ರ ಇದು.

ಅಷ್ಟು ತಿಳಿದ ಮೇಲೆ ‘ನಾನು ಮಾಡಿದ್ದು’ ಎಂಬ ಮಾತು ಸ್ವಲ್ಪ ಸಣ್ಣಗಾಗುತ್ತದೆ. ನಕ್ಷೆ ಹಳೆಯ ಎಂಜಿನಿಯರುಗಳದು. ಟ್ರಾನ್ಸ್‌ಫಾರ್ಮರ್ ಸುತ್ತಿದವರು ಬೇರೊಬ್ಬರು. ವಾಲ್ವು ಇಂದಿಗೂ ತಯಾರಾಗುವ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬಂದಿರಬಹುದು. ಅದೃಷ್ಟವಿದ್ದರೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, ಮುದ್ರೆಯದು. ಬಿಇಎಲ್ ರೇಡಿಯೊ ವಾಲ್ವುಗಳನ್ನು ಮಾಡತೊಡಗಿದ್ದು 1961ರಲ್ಲಿ. ಮರುವರ್ಷವೇ ಅದೇ ಸಂಸ್ಥೆ ಅವುಗಳ ಜಾಗ ಹಿಡಿಯಲಿದ್ದ ಜರ್ಮೇನಿಯಂ ಸಾಧನಗಳನ್ನೂ ಮಾಡತೊಡಗಿತು. ಶಕ್ತಿ ಶರಾವತಿಯದು, ಹಾಡು ಹಾಡಿದವರದು. ಯಾವ ತಂತಿ ಎಲ್ಲಿ ಹಾಯಬೇಕು, ಎಲ್ಲಿ ಅರ್ತ್ ಆಗಬೇಕು ಎಂಬುದಷ್ಟೇ ಕಟ್ಟಿದವರದು. ಅದು ನೀರುಗಂಟಿಯ ಪಾಲು. ಕಡಿಮೆ ಎಂದು ನನಗೆ ಅನ್ನಿಸಿಲ್ಲ. ಅದು ತಪ್ಪಿದರೆ ಉಳಿದವರೆಲ್ಲ ಕೊಟ್ಟದ್ದು ಬರೀ ಹಮ್ ಆಗುತ್ತದೆ.

ನೀವೂ ಒಂದನ್ನು ಕಟ್ಟುವ ಮನಸ್ಸು ಮಾಡಿದ್ದರೆ ಒಂದು ಮಾತು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ 300 ವೋಲ್ಟ್‌ವರೆಗೂ ಉಳಿದಿರಬಹುದು, ಅದು ಜೀವ ತೆಗೆಯಬಲ್ಲದು. ಅದಕ್ಕೆ ಅಡ್ಡಲಾಗಿ 220 ಕಿಲೋ ಓಮಿನ, 2 ವ್ಯಾಟಿನ ರೆಸಿಸ್ಟರೊಂದನ್ನು ಮೊದಲೇ ಬೆಸೆಯಿರಿ. ಕೈ ಹಾಕುವ ಮುಂಚೆ ಕೆಲವು ನಿಮಿಷ ಕಾದು, ಮೀಟರಿನಲ್ಲಿ ಅಳೆದು ನೋಡಿ.